ಎರಡು ವಾರ ಎಂದವಳು ನಾನು

ತಮ್ಮನಿಗೆ ಉಪನಯನ ಆಗುವವರೆಗೆ ನಾವಿಬ್ಬರೂ ಒಂದೇ ಬಟ್ಟಲಿನಿಂದ ಉಂಡವರು. ಅಮ್ಮ ಅನ್ನಕ್ಕೆ ಸಾರು ಕಲಸಿ ನನಗೊಂದು ತುತ್ತು, ಅವನಿಗೊಂದು ತುತ್ತು ಎಂದು ಕೊಡುತ್ತಿದ್ದಳು. ನಾನು ಅವನಿಗಿಂತ ಐದು ವರ್ಷ ದೊಡ್ಡವಳು, ಕೈತುತ್ತು ಉಣ್ಣುವ ಪ್ರಾಯವೇನೂ ನನ್ನದಾಗಿರಲಿಲ್ಲ. ಆದರೆ ನಾನು ಮೊದಲು ಉಂಡರೆ ಮಾತ್ರ ಬಾಯಿ ತೆರೆಯುವ ಹುಡುಗ ಅವನು. ಎಂಟನೆಯ ವರ್ಷಕ್ಕೆ ಹೆಗಲಿಗೆ ಜನಿವಾರ ಬಿತ್ತು, ಮರುದಿನದಿಂದ ಅವನಿಗೆ ಅಪ್ಪನ ಪಕ್ಕದಲ್ಲಿ ಬೇರೆ ಎಲೆ. ಹಳೆಯ ಅಭ್ಯಾಸದಲ್ಲಿ ಅವನ ಎಲೆಯಿಂದ ಹಪ್ಪಳ ಮುರಿದುಕೊಳ್ಳಲು ಹೋದೆ, ಅಪ್ಪ ಗದರಿದರು. ಎಂಜಲು ಎಂದರೆ ಏನೆಂದು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ವಿವರಿಸುತ್ತಿರಲಿಲ್ಲ. ಒಬ್ಬರು ಬಾಯಿಗಿಟ್ಟ ಅನ್ನ ಇನ್ನೊಬ್ಬರಿಗಲ್ಲ, ಅಷ್ಟೆ.

ಕಾಪುವಿನಿಂದ ಎರಡು ಮೈಲಿ ಒಳಗೆ ನಮ್ಮ ಮನೆ. ಅಪ್ಪ ಊರಿನ ಸಣ್ಣ ದೇವಸ್ಥಾನದ ಅರ್ಚಕರು, ಉಡುಪಿಯ ಕಡೆಯಿಂದ ದೊಡ್ಡ ಹೋಮಗಳಿಗೆ ಕರೆ ಬಂದರೆ ಸಹಾಯಕ್ಕೆ ಹೋಗುವವರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಡ್ರಾಯಿಂಗಿನ ಹೈಯರ್ ಪರೀಕ್ಷೆ ಪಾಸು ಮಾಡಿ ಮನೆಯಲ್ಲಿ ರಂಗೋಲಿ ಹಾಕಿಕೊಂಡಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಡಾಕ್ಟರುಗಳ ಪಾಠಕ್ಕೆ ಚಾರ್ಟು ಬರೆಯುವ ಕೆಲಸ ಸಿಕ್ಕಿತು. ಹುಡುಗಿ ಬಸ್ಸು ಹತ್ತಿ ದುಡಿಯಲು ಹೋಗುವುದು ಅಪ್ಪನಿಗೆ ಇಷ್ಟವಿರಲಿಲ್ಲ. ಮದುವೆಯಾಗುವವರೆಗೆ ಎಂದು ಒಪ್ಪಿದರು. ಮದುವೆ ಬೇಗ ಆಗಲಿಲ್ಲ, ಹಾಗಾಗಿ ಕೆಲಸ ಉಳಿಯಿತು.

ಅಲ್ಲಿ ಎಲುಬು, ಹೃದಯ, ಕಣ್ಣು ಎಲ್ಲ ಬಿಡಿಸಿದೆ. ಒಮ್ಮೆ ಮನೋರೋಗ ವಿಭಾಗಕ್ಕೆ ಚಿತ್ರವಿಲ್ಲದ ಒಂದು ಚಾರ್ಟು ಬೇಕಾಯಿತು, ಬರೀ ಅಕ್ಷರ. ಸ್ಕಿಜೋಫ್ರೇನಿಯಾ ಎಂಬ ಉದ್ದದ ಹೆಸರು ಮೇಲೆ, ಅದರ ಕೆಳಗೆ ಮೊದಮೊದಲು ಕಾಣುವ ಲಕ್ಷಣಗಳು. ಯಾರೂ ಇಲ್ಲದಾಗ ದನಿ ಕೇಳುವುದು. ಊಟದಲ್ಲಿ ವಿಷ ಹಾಕಿದ್ದಾರೆಂಬ ಸಂಶಯ. ಮಾತು ಕಡಿಮೆಯಾಗುವುದು, ಜನರಿಂದ ದೂರ ಸರಿಯುವುದು. ಸ್ಟೆನ್ಸಿಲ್ ಇಟ್ಟು ಕಪ್ಪು ಇಂಕಿನಲ್ಲಿ ಎರಡು ದಿನ ಕೂತು ಬರೆದೆ. ಅಕ್ಷರದ ಅಂದ ಮಾತ್ರ ನೋಡಿದೆ, ಅರ್ಥ ತಲೆಗೆ ಹೋಗಲಿಲ್ಲ ಎಂದು ನಾನು ಮುಂದೆ ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಪ್ರತಿ ಸಾಲೂ ನನಗೆ ಬಾಯಿಪಾಠ ಬರುತ್ತಿತ್ತು.

ಎಂಬತ್ತರ ದಶಕದ ಆರಂಭ, ಶ್ರಾವಣದ ಒಂದು ಮಧ್ಯಾಹ್ನ. ಅಮ್ಮ ಆ ಮೂರು ದಿನ ಹೊರಗೆ ಕುಳಿತಿದ್ದಳು, ಅಡುಗೆ ನನ್ನದು. ಅಪ್ಪ ಊರಲ್ಲಿರಲಿಲ್ಲ. ತಮ್ಮ ಉಡುಪಿಯಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದ. ಎಲೆ ಹಾಕಿ ಅನ್ನ, ಹೀರೆಕಾಯಿ ಪಲ್ಯ, ಸಾರು ಬಡಿಸಿದೆ. ಎಲೆಯ ಸುತ್ತ ಸುತ್ತಲು ಅಂಗೈಯಲ್ಲಿ ನೀರು ಹಿಡಿದವನು ಹಾಗೆಯೇ ಕುಳಿತುಬಿಟ್ಟ. ನೀರು ಬೆರಳ ಸಂದಿಯಿಂದ ಸೋರಿ ಹೋಯಿತು.

"ಅಕ್ಕ, ನೀನು ಇದರಿಂದ ಒಂದು ತುತ್ತು ತಿಂದು ತೋರಿಸು. ಆಮೇಲೆ ನಾನು ಉಣ್ತೇನೆ" ಎಂದ.

"ಎಂಜಲು ಆಗ್ತದಲ್ಲ ಮಾರಾಯ" ಎಂದು ನಕ್ಕೆ.

ಅವನು ನಗಲಿಲ್ಲ. ನನ್ನ ಮುಖವನ್ನೂ ಅನ್ನವನ್ನೂ ಒಂದಷ್ಟು ಹೊತ್ತು ನೋಡಿ, ಎಲೆ ಮಡಚಿ ಎದ್ದುಹೋದ. ಹುಡುಗನಿಗೆ ಹಸಿವಿಲ್ಲ ಎಂದುಕೊಂಡೆ. ಮರುದಿನ ಬೆಳಿಗ್ಗೆ ಒದ್ದೆ ಪಂಚೆ ಉಟ್ಟು, ತಾನೇ ಬಾವಿಯಿಂದ ನೀರು ಸೇದಿ, ಬಚ್ಚಲ ಒಲೆಯ ಮೇಲೆ ಸಣ್ಣ ತಪ್ಪಲೆಯಲ್ಲಿ ಅನ್ನಕ್ಕಿಟ್ಟ. ಇನ್ನು ಮುಂದೆ ನನ್ನ ಅಡುಗೆ ನಾನೇ ಮಾಡಿಕೊಳ್ಳುತ್ತೇನೆ ಎಂದಷ್ಟೇ ಅಮ್ಮನಿಗೆ ಹೇಳಿದ.

ಬೇರೆ ಯಾವ ಮನೆಯಲ್ಲಾದರೂ ಇದಕ್ಕೆ ಜಗಳವಾಗುತ್ತಿತ್ತು. ಹುಡುಗನಿಗೆ ಏನಾಗಿದೆ ಎಂದು ಯಾರಾದರೂ ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಹಬ್ಬವಾಯಿತು. ತನ್ನ ಅಡುಗೆ ತಾನೇ ಮಾಡಿ ಉಣ್ಣುವ ಸ್ವಯಂಪಾಕದ ನಿಯಮವನ್ನು ನಮ್ಮ ಅಜ್ಜ ಕೊನೆಗಾಲದಲ್ಲಿ ಹಿಡಿದಿದ್ದರಂತೆ, ಅಪ್ಪನಿಂದ ಅದು ಆಗಿರಲಿಲ್ಲ. ಈಗ ಮಗ ಇಪ್ಪತ್ತಕ್ಕೇ ಹಿಡಿದ. ಅಪ್ಪನ ಕಣ್ಣಲ್ಲಿ ನೀರು ಬಂತು. ಏಕಾದಶಿಗೆ ಮೌನ ಎಂದ, ಆ ಮೌನ ದ್ವಾದಶಿಗೂ ಬೆಳೆಯಿತು, ಆಮೇಲೆ ವಾರಗಟ್ಟಲೆಗೆ ಹೋಯಿತು. ಅದೂ ಒಂದು ವ್ರತವಾಯಿತು. ಕೊನೆಯ ವರ್ಷದ ಪರೀಕ್ಷೆಗೆ ಕೂರಲಿಲ್ಲ. ಲೌಕಿಕದಲ್ಲಿ ಅವನಿಗೆ ಮನಸ್ಸಿಲ್ಲ ಎಂದು ಅಪ್ಪ ಬಂದವರಿಗೆಲ್ಲ ಹೇಳಿದರು. ಊರವರು ಅಕ್ಕಿ, ಕಾಯಿ, ಬೆಲ್ಲ ತಂದು ಬಚ್ಚಲ ಜಗಲಿಯಲ್ಲಿಟ್ಟು ದೂರದಿಂದಲೇ ಕೈಮುಗಿದು ಹೋಗತೊಡಗಿದರು. ಬಚ್ಚಲು ನಮ್ಮ ಮನೆಯ ಎರಡನೆಯ ದೇವರ ಕೋಣೆಯಾಯಿತು.

ಆ ಅಕ್ಕಿಯನ್ನೆಲ್ಲ ಅವನು ಹಿತ್ತಿಲ ತೋಡಿನ ನೀರಿಗೆ ಸುರಿಯುವುದನ್ನು ನಾನು ಎರಡು ಸಲ ನೋಡಿದೆ. ಅವನು ಬೇಯಿಸುತ್ತಿದ್ದುದು ತಾನೇ ಕೊಂಡು ತಂದ ಅಕ್ಕಿ. ಒಂದೇ ಅಂಗಡಿಗೆ ಎರಡು ಸಲ ಹೋಗುತ್ತಿರಲಿಲ್ಲ. ಕಾಪುವಿನ ಅಂಗಡಿಗಳು ಮುಗಿದ ಮೇಲೆ ಉಡುಪಿ, ಉಡುಪಿ ಮುಗಿದ ಮೇಲೆ ಬಸ್ಸು ಹತ್ತಿ ಕೆಮ್ಮಣ್ಣಿನವರೆಗೆ ಹೋಗಿ ಒಂದು ಸೇರು ಅಕ್ಕಿ ತರುತ್ತಿದ್ದ. ಯಾವ ಶಾಸ್ತ್ರದಲ್ಲಿ ಹಾಗೆ ಬರೆದಿದೆ ಎಂದು ನಾನು ಕೇಳಲಿಲ್ಲ. ಉತ್ತರ ನನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಆದರೂ ಅವನೇ ಹೇಳಿದ. ಮಾರನೆಯ ವರ್ಷದ ಮಳೆಗಾಲದಲ್ಲಿ, ಬಾವಿಕಟ್ಟೆಯ ಹತ್ತಿರ, ಕೊಡ ತುಂಬಿಸುತ್ತಿದ್ದ ನನ್ನ ಬಳಿ ಬಂದು ನಿಂತು, ಸುತ್ತ ನೋಡಿ, ಸಣ್ಣ ದನಿಯಲ್ಲಿ ಹೇಳಿದ: "ಅಮ್ಮನಿಗೆ ಹೇಳಬೇಡ. ಅನ್ನದಲ್ಲಿ ಎಂತದೋ ಹಾಕ್ತಾರೆ. ಯಾರು ಅಂತ ನನಗೆ ಗೊತ್ತುಂಟು. ಅವರು ಮಾತಾಡಿಕೊಳ್ಳುವುದು ನನಗೆ ಕೇಳ್ತದೆ."

ನಾನೇ ಇಂಕಿನಲ್ಲಿ ಬರೆದ ಸಾಲುಗಳು ಒಂದೊಂದಾಗಿ ಕಣ್ಣೆದುರು ಬಂದವು. ನಾಳೆಯೇ ವಿಭಾಗದ ಡಾಕ್ಟರನ್ನು ಕೇಳುತ್ತೇನೆ ಎಂದು ಆ ಕ್ಷಣಕ್ಕೆ ನಿಶ್ಚಯ ಮಾಡಿದ್ದೂ ನಿಜ. ಆದರೆ ಆ ವಾರವೇ ಕಾರ್ಕಳದಿಂದ ನನ್ನನ್ನು ನೋಡಲು ಬರುತ್ತೇವೆಂಬ ಕಾಗದ ಬಂದಿತ್ತು.

ನನಗೆ ಇಪ್ಪತ್ತಾರು ಮುಗಿಯುತ್ತಿತ್ತು. ಮೂಲಾ ನಕ್ಷತ್ರ, ಬಣ್ಣ ಕಡಿಮೆ, ಮೇಲಿಂದ ದುಡಿಯಲು ಹೋಗುವವಳು. ಅದುವರೆಗೆ ನಾಲ್ಕು ಕಡೆಯವರು ಉಪ್ಪಿಟ್ಟು ತಿಂದು ಹೋಗಿ ಮತ್ತೆ ಸುದ್ದಿಯಿಲ್ಲ. ಕಾರ್ಕಳದವರು ಬಂದ ದಿನ ತಮ್ಮ ಬಚ್ಚಲ ಜಗಲಿಯಲ್ಲಿ ಒದ್ದೆ ಪಂಚೆಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ. ವರನ ದೊಡ್ಡಪ್ಪ ಅವನನ್ನು ನೋಡಿದರು, ಅಪ್ಪನಿಂದ ವಿಷಯ ಕೇಳಿದರು, ನಿಂತಲ್ಲೇ ಕರಗಿದರು. ಇಂಥ ಹುಡುಗನಿರುವ ಮನೆಯಲ್ಲಿ ಬೇರೆ ವಿಚಾರಣೆ ಎಂತಕ್ಕೆ ಎಂದರು. ನಕ್ಷತ್ರದ ಮಾತೇ ಬರಲಿಲ್ಲ. ವರ ಶಾಲೆಯ ಮೇಷ್ಟ್ರು, ಮೆದು ಮಾತಿನವರು, ಮದುವೆಯ ನಂತರವೂ ಕೆಲಸಕ್ಕೆ ಹೋಗಬಹುದು ಎಂದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಮದುವೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದು ಬೆಳಿಗ್ಗೆ ಬಸ್ಸಿನಲ್ಲಿ ಕೂತು ದಿನವೂ ಅಂದುಕೊಂಡೆ. ಮುಹೂರ್ತ ಇದ್ದದ್ದು ಹತ್ತು ತಿಂಗಳಾಚೆ, ವೈಶಾಖದಲ್ಲಿ.

ಮದುವೆಯ ದಿನ ಅವನು ದನದ ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲಿಟ್ಟು ಬೇಯಿಸಿಕೊಂಡ. ದಿಬ್ಬಣದವರು ಗುಂಪು ಗುಂಪಾಗಿ ಹೋಗಿ ನೋಡಿಬಂದರು. ನಾನು ಧಾರೆ ಸೀರೆಯಲ್ಲಿ ಕೂತಲ್ಲಿಂದ ಅವನ ಬೆನ್ನು ಕಾಣುತ್ತಿತ್ತು, ಬೆನ್ನೆಲುಬು ಎಣಿಸುವಷ್ಟು ಇಳಿದಿದ್ದ. ಆ ದಿನ ನನಗೆ ಸಂತೋಷವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿತ್ತು.

ಮದುವೆಯ ನಂತರವೂ ಹೇಳಲಿಲ್ಲ. ಕಾರ್ಕಳದಿಂದ ಹಿರಿಯಡ್ಕದ ಮೇಲೆ ಮಣಿಪಾಲಕ್ಕೆ ಬಸ್ಸಿನಲ್ಲಿ ಓಡಾಡಿಕೊಂಡು, ಹೊಸ ಸಂಸಾರ ಮಾಡಿಕೊಂಡು ಇದ್ದುಬಿಟ್ಟೆ. ದೀಪಾವಳಿ ಕಳೆದ ಮೇಲೆ ಅವನು ಬಾವಿಯ ನೀರೂ ಕೆಟ್ಟಿದೆ ಎಂದು ಅಡುಗೆಯನ್ನೇ ನಿಲ್ಲಿಸಿದ. ಅಮ್ಮ ಕಾಲು ಹಿಡಿದರೂ ಮನೆಯ ಹನಿ ನೀರು ಮುಟ್ಟದೆ, ತಾನೇ ಕೊಯ್ದ ಎಳನೀರಿನಲ್ಲೇ ಹತ್ತು ದಿನ ಕಳೆದ. ಒಂದು ದಿನ ಮನೆಯಲ್ಲೇ ಇಲ್ಲ. ಮೂರು ದಿನವಾದ ಮೇಲೆ ಕಾಪು ದೀಪಸ್ತಂಭದ ಬಂಡೆಗಳ ಸಂದಿಯಲ್ಲಿ ಮೀನುಗಾರರಿಗೆ ಸಿಕ್ಕಿದ. ತನ್ನೆದುರೇ ಕೆತ್ತಿದ ಎಳನೀರು ಮಾತ್ರ ಕುಡಿದನಂತೆ. ಅವರಲ್ಲಿ ವಯಸ್ಸಾದ ಒಬ್ಬರು ಅವನ ಹೆಗಲು ಹಿಡಿದು ನಡೆಸಿಕೊಂಡು ಮನೆಗೆ ತಂದು, ಅಂಗಳದಲ್ಲೇ ನಿಂತು ಅಪ್ಪನಿಗೆ ಹೇಳಿದರಂತೆ: "ಭಟ್ರೇ, ಇವರಿಗೆ ಮದ್ದು ಬೇಕು. ಇವತ್ತೇ ಮಣಿಪಾಲಕ್ಕೆ ಕರೆದುಕೊಂಡು ಹೋಗಿ. ನಮ್ಮ ದೋಣಿಯವನೊಬ್ಬನಿಗೆ ಹೀಗೇ ಆಗಿತ್ತು." ನಾವು ಎರಡು ವರ್ಷ ಕಣ್ಣಿಗೆ ಒತ್ತಿಕೊಂಡು ಪೂಜಿಸಿದ್ದನ್ನು ಅವರು ಅರ್ಧ ಗಂಟೆಯಲ್ಲಿ ಕಾಯಿಲೆ ಎಂದು ಗುರುತಿಸಿದ್ದರು.

ಆಸ್ಪತ್ರೆಯಲ್ಲಿ ನಾನೂ ಗಂಡನೂ ಅಪ್ಪನ ಜೊತೆ ನಿಂತಿದ್ದೆವು. ಡಾಕ್ಟರು ನನಗೆ ಪರಿಚಯದವರೇ, ನಾನು ಬರೆದ ಆ ಚಾರ್ಟು ಅವರದ್ದೇ ತರಗತಿಯದು. ಇದೆಲ್ಲ ಯಾವಾಗಿನಿಂದ ಎಂದು ಕೇಳಿದರು. ಎರಡು ವಾರ ಎಂದರು ಅಪ್ಪ. ಅಪ್ಪ ಸುಳ್ಳು ಹೇಳಲಿಲ್ಲ. ಸ್ವಯಂಪಾಕವೂ ಮೌನವೂ ಅವರ ಲೆಕ್ಕದಲ್ಲಿ ಕಾಯಿಲೆಯಲ್ಲ, ಕಾಯಿಲೆ ಶುರುವಾದದ್ದು ಅಡುಗೆ ನಿಂತ ದಿನ. ಡಾಕ್ಟರು ಪೆನ್ನು ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ಅಕ್ಕನಿಗೆ ಮೊದಲೇ ಎಂತಾದರೂ ಕಂಡಿತ್ತಾ?"

ಗಂಡ ನನ್ನ ಪಕ್ಕದಲ್ಲೇ ಇದ್ದರು. "ಇಲ್ಲ, ಎರಡು ವಾರ" ಎಂದೆ.

ಅವರು ಹಾಗೆಯೇ ಬರೆದುಕೊಂಡರು.

ಇಂಜೆಕ್ಷನ್, ಮಾತ್ರೆ. ಎರಡು ತಿಂಗಳಲ್ಲಿ ದನಿಗಳು ನಿಂತವು. ಯಾರು ಏನು ಬಡಿಸಿದರೂ ಉಣ್ಣತೊಡಗಿದ. ಅಮ್ಮ ಮೊದಲ ಸಲ ಅವನಿಗೆ ಬಡಿಸಿದ ದಿನ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳಂತೆ. ಆದರೆ ಮಾತು ತಿರುಗಿ ಬರಲಿಲ್ಲ. ಕೇಳಿದ್ದಕ್ಕೆ ಒಂದು ಶಬ್ದದಲ್ಲಿ ಉತ್ತರ ಕೊಟ್ಟು ಗೋಡೆ ನೋಡುತ್ತ ಕೂರುತ್ತಿದ್ದ. ಹಸಿವು, ರುಚಿ, ಸಿಟ್ಟು ಯಾವುದೂ ಇಲ್ಲ. ಇದು ಮದ್ದಿನದ್ದೋ ಕಾಯಿಲೆಯದ್ದೋ ಎಂದು ಕೇಳಿದರೆ ಡಾಕ್ಟರು ಎರಡೂ ಇರಬಹುದು ಎಂದರು. ಬೇಗ ತಂದಿದ್ದೀರಿ, ನೋಡುವ ಎಂದು ಸಮಾಧಾನವನ್ನೂ ಹೇಳಿದರು.

ತಲೆಯ ಸಿ.ಟಿ. ಸ್ಕ್ಯಾನು ಆಗ ನಮ್ಮ ಕಡೆ ಹೊಸತು. ಮರುವರ್ಷ ಆ ಡಾಕ್ಟರು ಇದೇ ಕಾಯಿಲೆ ಹೊಸತಾಗಿ ಕಂಡವರ ಫಿಲ್ಮುಗಳನ್ನು ಕೂಡಿಹಾಕಿ ಒಂದು ಅಧ್ಯಯನಕ್ಕೆ ಕೈಹಾಕಿದರು. ಮೆದುಳಿನ ನಡುವೆ ನೀರು ತುಂಬಿದ ಪೊಳ್ಳು ಜಾಗಗಳಿವೆ, ಎಲ್ಲರಿಗೂ ಇರುತ್ತವೆ. ಈ ಕಾಯಿಲೆಯ ಕೆಲವರಲ್ಲಿ ಅವು ತುಸು ದೊಡ್ಡದಾಗಿರುತ್ತವೆಂದು ಹೊರದೇಶದವರು ಬರೆಯುತ್ತಿದ್ದರಂತೆ. ಬರೀ ದನಿ ಕೇಳುವವರಿಗಿಂತ ಮಾತೂ ಆಸೆಯೂ ಬತ್ತಿಹೋದವರಲ್ಲಿ ಹೆಚ್ಚು ಎಂಬುದೂ ಒಂದು ಅಭಿಪ್ರಾಯ. ಅದು ಮೊದಲಿನಿಂದಲೇ ಹಾಗಿರುತ್ತದೋ, ಕಾಯಿಲೆ ಹಳತಾದ ಹಾಗೆ ಆಗುವುದೋ ಎಂದು ಯಾರಿಗೂ ಖಚಿತವಿರಲಿಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ಕಾಯಿಲೆ ಎಷ್ಟು ವಾರದಿಂದ ಇತ್ತು ಎಂಬುದು ಅವರಿಗೆ ಮುಖ್ಯ. ಅಳೆಯುವ ಕೆಲಸಕ್ಕೆ ಅಲುಗದ ಕೈ ಬೇಕಾಗಿತ್ತು, ನನ್ನನ್ನು ಕರೆದರು. ನಿಮ್ಮ ತಮ್ಮನದ್ದೂ ಇದರಲ್ಲಿ ಉಂಟು, ಬೇಡವಾದರೆ ಬೇರೆಯವರಿಗೆ ಕೊಡುವ ಎಂದರು. ಮಾಡುತ್ತೇನೆ ಎಂದೆ. ಹೆಸರಿನ ಮೇಲೆ ಕಾಗದ ಅಂಟಿಸಿ ನಂಬರು ಮಾತ್ರ ಬರೆದಿದ್ದರು, ಯಾರದು ಎಂದು ಗೊತ್ತಾದರೆ ಕೈ ಒಂದು ಕಡೆ ವಾಲುತ್ತದೆಂದು.

ಕೆಲಸ ಸರಳ. ಫಿಲ್ಮನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು, ಅದರ ಮೇಲೆ ಟ್ರೇಸಿಂಗ್ ಕಾಗದ ಹಾಸಿ, ಮೆದುಳಿನ ಹೊರಗೆರೆ ಮತ್ತು ಒಳಗಿನ ಪೊಳ್ಳಿನ ಗೆರೆ ಎಳೆಯಬೇಕು. ಆಮೇಲೆ ಗ್ರಾಫ್ ಹಾಳೆಯ ಮೇಲಿಟ್ಟು ಒಳಗೆ ಎಷ್ಟು ಚೌಕಗಳು ಬರುತ್ತವೆಂದು ಎಣಿಸಬೇಕು. ಗೆರೆ ಕತ್ತರಿಸಿದ ಚೌಕದಲ್ಲಿ ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಲೆಕ್ಕಕ್ಕೆ, ಕಡಿಮೆಯಿದ್ದರೆ ಬಿಡುವುದು. ಪೊಳ್ಳುಗಳು ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ ಎರಡು ಬಾಳೆಹಣ್ಣಿನ ಹಾಗೆ ಕಪ್ಪಗೆ ಕಾಣುತ್ತಿದ್ದವು. ನನಗೆ ಬೇಕಾದದ್ದು ಒಂದೇ: ತಮ್ಮನದ್ದು ದೊಡ್ಡದಿರಬೇಕು. ಅದು ಹುಟ್ಟಿನಿಂದಲೇ ಬಂದದ್ದಾಗಿರಬೇಕು. ಆಗ ನಾನು ಬಾಯಿ ಬಿಟ್ಟಿದ್ದರೂ ಬಿಡದಿದ್ದರೂ ಒಂದೇ ಆಗುತ್ತಿತ್ತು. ತಮ್ಮನ ಮೆದುಳು ಕೆಟ್ಟಿರಲಿ ಎಂದು ಬಯಸಿದ ಅಕ್ಕ ನಾನು.

ಹದಿನೇಳನೆಯ ನಂಬರಿನಲ್ಲಿ ಅದು ಸಿಕ್ಕಿತು. ಪೊಳ್ಳುಗಳು ಉಬ್ಬಿದ್ದವು, ಎಣಿಸುವ ಮೊದಲೇ ಕಣ್ಣಿಗೆ ಹೊಡೆಯುವಷ್ಟು. ತಲೆ ಹಿಂದೆ ತುಸು ಉದ್ದ. ಎಣ್ಣೆ ತಿಕ್ಕುವಾಗ ಅಮ್ಮ ನಗಾಡುತ್ತಿದ್ದ ಅವನದೇ ತಲೆ ಎಂದು ನನಗೆ ಅನುಮಾನವೇ ಉಳಿಯಲಿಲ್ಲ. ಮೂರು ಸಲ ಎಣಿಸಿದೆ. ಮೂರನೆಯ ಸಲದ ಎಣಿಕೆ ಬರೀ ಸಮಾಧಾನಕ್ಕೆ.

ಆ ಭಾನುವಾರ ಕಾಪುವಿಗೆ ಹೋಗಿ ಅಮ್ಮನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಹೇಳಿದೆ. ಮೆದುಳಿನ ಒಳಗೇ ಇದ್ದದ್ದಮ್ಮ, ನಾವು ಯಾರು ಏನು ಮಾಡಿದರೂ ತಪ್ಪುತ್ತಿರಲಿಲ್ಲ. ಸ್ವಯಂಪಾಕಕ್ಕೆ ಹರಸಿದ್ದಕ್ಕೆ ಒಂದು ವರ್ಷದಿಂದ ತನ್ನನ್ನು ತಾನೇ ಶಪಿಸಿಕೊಳ್ಳುತ್ತಿದ್ದವಳು ಅವಳು. ನನ್ನ ಕೈ ಹಿಡಿದು, ನಿಜವಾ ಎಂದು ಎರಡು ಸಲ ಕೇಳಿದಳು. ನಿಜ ಎಂದೆ. ಅವತ್ತು ಅವಳು ಹೊಟ್ಟೆ ತುಂಬ ಉಂಡಳು.

ಅಳತೆಯೆಲ್ಲ ಮುಗಿದ ಮೇಲೆ ಡಾಕ್ಟರು ಹೆಸರಿನ ಪಟ್ಟಿ ತೆರೆದು, ದೊಡ್ಡ ಹಾಳೆಯಲ್ಲಿ ಪಟ್ಟಿ ಮಾಡಿಕೊಡಲು ಹೇಳಿದರು. ಹದಿನೇಳು ಬಜಗೋಳಿ ಕಡೆಯ ಒಬ್ಬ ಹುಡುಗ. ಅವನ ಮನೆಯವರು ನಾಲ್ಕನೆಯ ದಿನಕ್ಕೇ ಕರೆದುಕೊಂಡು ಬಂದಿದ್ದರು. ತಮ್ಮನದ್ದು ಒಂಬತ್ತು. ಒಂಬತ್ತು ಯಾವುದೆಂದು ನನಗೆ ನೆನಪೇ ಬರಲಿಲ್ಲ. ಟ್ರೇಸಿಂಗ್ ತೆಗೆದು ನೋಡಿದೆ: ಸಣ್ಣ, ಸಪೂರ, ಎಲ್ಲರಲ್ಲೂ ಇರುವಂಥ ಪೊಳ್ಳುಗಳು. ಅರ್ಧ ಗಂಟೆಯಲ್ಲಿ ಎಣಿಸಿ ಮುಗಿಸಿ, ಚಹಾ ಕುಡಿಯಲು ಎದ್ದುಹೋಗಿದ್ದಿರಬೇಕು ನಾನು.

ಡಾಕ್ಟರು ಆ ಸಾಲಿನ ಮೇಲೆ ಬೆರಳಿಟ್ಟರು. ನನಗೆ ಒಳ್ಳೆಯ ಸುದ್ದಿ ಹೇಳುತ್ತಿರುವ ಭಾವ ಅವರ ಮುಖದಲ್ಲಿತ್ತು. ನೋಡಿ, ಎರಡೇ ವಾರ, ಮೆದುಳಿನಲ್ಲಿ ಏನೂ ವ್ಯತ್ಯಾಸವಿಲ್ಲ, ಆದರೂ ಮಾತು ಇಷ್ಟು ಬೇಗ ಹೇಗೆ ಬತ್ತಿತು ಎಂಬುದೇ ತಿಳಿಯದ್ದು ಎಂದರು. ನನ್ನ ಸುಳ್ಳು ಅವರಿಗೆ ಒಂದು ಒಗಟಾಗಿ ಹಾಳೆಯ ಮೇಲೆ ಕೂತಿತ್ತು. ಇನ್ನು ಸ್ವಲ್ಪ ದಿನಕ್ಕೆ ಅಚ್ಚಾಗುತ್ತಿತ್ತು.

"ಎರಡು ವಾರ ಅಲ್ಲ ಡಾಕ್ಟ್ರೇ" ಎಂದೆ. "ಎರಡು ವರ್ಷ. ನನಗೆ ಗೊತ್ತಿತ್ತು."

ಬಾವಿಕಟ್ಟೆ, ಅಕ್ಕಿ, ಮದುವೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ರಬ್ಬರು ತೆಗೆದುಕೊಂಡು ಎರಡು ಎಂಬುದನ್ನು ಉಜ್ಜಿ, ನೂರ ನಾಲ್ಕು ವಾರ ಎಂದು ಬರೆದರು. ಆಗಲೇ ತಂದಿದ್ದರೆ ಮಾತು ಉಳಿಯುತ್ತಿತ್ತಾ ಎಂದು ಕೇಳಿದೆ. ಅವರು ಹಾಳೆಯ ಮೇಲಿನ ರಬ್ಬರಿನ ಪುಡಿ ಊದಿದರು.

"ನನಗೆ ಗೊತ್ತಿಲ್ಲ. ಈ ಫಿಲ್ಮಿಗೂ ಗೊತ್ತಿಲ್ಲ" ಎಂದರು.

ಅದೇ ದಿನ ಸಂಜೆ ಗಂಡನಿಗೂ ಹೇಳಿದೆ. ಎರಡು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, ನಿನ್ನ ತಮ್ಮನನ್ನು ಸ್ವಲ್ಪ ಕಾಲ ಇಲ್ಲಿಗೆ ಕರೆದುಕೊಂಡು ಬಾ ಎಂದರು, ಅಷ್ಟೆ. ಅಮ್ಮನಿಗೆ ಮಾತ್ರ ಹದಿನೇಳು ಬೇರೆಯವನದ್ದೆಂದು ಹೇಳಲಿಲ್ಲ. ಅವಳು ಸಾಯುವವರೆಗೂ ಮಗನ ಮೆದುಳು ಹುಟ್ಟಿನಿಂದಲೇ ಹಾಗೆ ಎಂದು ನಂಬಿದ್ದಳು, ಬಂದವರಿಗೆ ಹಾಗೆಯೇ ಹೇಳುತ್ತಿದ್ದಳು. ಒಂದು ಸುಳ್ಳನ್ನು ತೆಗೆದವಳು ಇನ್ನೊಂದನ್ನು ಹಾಗೆಯೇ ಬಿಟ್ಟೆ.

ತಮ್ಮ ಕಾರ್ಕಳಕ್ಕೆ ಬಂದ ಮರುದಿನ ಮಧ್ಯಾಹ್ನ ಅವನೊಬ್ಬನಿಗೇ ಎಲೆ ಹಾಕಿದೆ. ಅನ್ನ, ಹೀರೆಕಾಯಿ ಪಲ್ಯ, ಸಾರು. ಬೇಕೆಂದೇ ಮಾಡಿದ ಅಡುಗೆ. ಅವನು ಕೈಯಲ್ಲಿ ನೀರು ತೆಗೆದುಕೊಳ್ಳುವ ಮೊದಲು ನಾನು ಎದುರು ಕುಳಿತು, ಅವನ ಎಲೆಯಿಂದ ಒಂದು ತುತ್ತು ತೆಗೆದು, ಅವನು ನೋಡುವ ಹಾಗೆ ಬಾಯಿಗಿಟ್ಟು ನುಂಗಿದೆ. ಎಷ್ಟೋ ದಿನದ ಮೇಲೆ ಅವನು ನನ್ನ ಮುಖವನ್ನು ನೇರ ನೋಡಿದ.

"ಎಂಜಲು ಆಯ್ತಲ್ಲ ಅಕ್ಕ" ಎಂದ.

ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಎಲೆ ಮಡಚಿ ಎದ್ದು ಕೈ ತೊಳೆದುಕೊಂಡು ಬಂದು ಗೋಡೆಗೆ ಒರಗಿ ಕುಳಿತ. ನಾನು ನೆಲ ಒರೆಸಿ, ಬೇರೆ ಎಲೆ ಹಾಕಿ ಮತ್ತೆ ಬಡಿಸಿ, ಬಾಗಿಲ ಹತ್ತಿರ ಹೋಗಿ ನಿಂತೆ. ಎಲೆಯ ಮೇಲೆ ಏನಿದೆ ಎಂದು ನೋಡದೆ ಅವನು ಪೂರ್ತಿ ಉಂಡ.